ಸಿಂಗಲ್ ಲಿವರ್ ನಲ್ಲಿ ಸೋರಿದಾಗ: ಕಾರ್ಟ್ರಿಜ್ ಬದಲಾವಣೆಯಿಂದ ಹೊಸ ನಲ್ಲಿಯ ಜೋಡಣೆಯವರೆಗೆ

ದಾವಣಗೆರೆ ಮತ್ತು ಚಿತ್ರದುರ್ಗದ ಕಡೆ ಈಚೆಗೆ ಕಟ್ಟಿದ ಮನೆಗಳಲ್ಲಿ ಅಡುಗೆಮನೆಯ ಸಿಂಕಿಗೂ ಬಚ್ಚಲುಮನೆಯ ವಾಷ್ ಬೇಸಿನ್ನಿಗೂ ಬಿಸಿನೀರು, ತಣ್ಣೀರು ಎರಡನ್ನೂ ಒಂದೇ ಹಿಡಿಯಿಂದ ಬೆರೆಸಿಕೊಡುವ ಸಿಂಗಲ್ ಲಿವರ್ ಮಿಕ್ಸರ್ ಹಾಕಿಸುವುದು ರೂಢಿಯಾಗಿದೆ. ಹಳೆಯ ತಿರುಪಿನ ನಲ್ಲಿ ಸೋರಿದರೆ ಮನೆಯವರೇ ವಾಷರ್ ತಂದು ಹಾಕುತ್ತಿದ್ದರು. ಈ ಹೊಸ ನಲ್ಲಿ ತೊಟ್ಟಿಕ್ಕಲು ಶುರುವಾದರೆ ಮಾತ್ರ, ಒಳಗೆ ಏನಿದೆಯೋ ತಿಳಿಯದೆ, ಇಡೀ ನಲ್ಲಿಯನ್ನೇ ಕಿತ್ತು ಬೇರೆ ಹಾಕಿಸುವವರು ಬಹಳ ಮಂದಿ. ಹಾಗೆ ಗುಜರಿಗೆ ಹೋಗುವ ಎಷ್ಟೋ ನಲ್ಲಿಗಳ ಹಿತ್ತಾಳೆಯ ಮೈ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಒಳಗಿನ ಕಾರ್ಟ್ರಿಜ್ (ನೀರನ್ನು ಬೆರೆಸುವ, ನಿಲ್ಲಿಸುವ ಭಾಗ), ಇಲ್ಲವೇ ಒಂದು ಓ-ರಿಂಗ್ (ರಬ್ಬರಿನ ಸಣ್ಣ ಬಳೆ), ಇಲ್ಲವೇ ಮೂತಿಯ ಜಾಲರಿ. ಇವುಗಳನ್ನು ಬದಲಾಯಿಸುವ ಕೆಲಸ ಸ್ವಲ್ಪ ತಾಳ್ಮೆಯಿರುವ ಯಾರಿಗೂ ಸಾಧ್ಯ. ತಪ್ಪು ಎಲ್ಲಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಪಾನಾ ಹಿಡಿಯಬೇಕು ಎಂಬುದೊಂದೇ ಇಲ್ಲಿನ ಮುಖ್ಯ ನಿಯಮ.

ಸೋರಿಕೆ ಸಣ್ಣದೆಂದು ಬಿಡುವುದೂ ಸರಿಯಲ್ಲ. ಸುಮಾರು 20 ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೂ, ಸೆಕೆಂಡಿಗೊಂದು ಹನಿ ಬೀಳುವ ನಲ್ಲಿಯಿಂದ ದಿನಕ್ಕೆ 4 ಲೀಟರಿಗಿಂತ ಹೆಚ್ಚು ನೀರು ಹೋಗುತ್ತದೆ. ನಗರದ ನೀರು ದಿನವೂ ಬಾರದ ಬಡಾವಣೆಗಳಲ್ಲಿ, ಸಂಪು ತುಂಬಿಸಿಕೊಂಡು ಲೆಕ್ಕ ಹಾಕಿ ಬಳಸುವವರಿಗೆ ಇದು ಸಣ್ಣ ನಷ್ಟವಲ್ಲ. ಆ ಹನಿ ಬಿಸಿನೀರಿನದಾಗಿದ್ದರೆ ಗೀಸರಿನ ಕರೆಂಟೂ ಅದರ ಜೊತೆಗೇ ಹೋಗುತ್ತದೆ.

ಒಳಗೆ ಏನಿದೆ

ಹಿಡಿಯ ಕೆಳಗೆ ಪ್ಲಾಸ್ಟಿಕ್ಕಿನ ಒಂದು ಗಿಡ್ಡ ಡಬ್ಬಿಯಂಥ ಭಾಗ ಕೂತಿರುತ್ತದೆ. ಅದೇ ಕಾರ್ಟ್ರಿಜ್. ಅದರೊಳಗೆ ಸೆರಾಮಿಕ್ಕಿನ ಎರಡು ಬಿಲ್ಲೆಗಳು ಬೀಸುಕಲ್ಲಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಕೆಳಗಿನದು ಅಲುಗಾಡುವುದಿಲ್ಲ, ಮೇಲಿನದು ಹಿಡಿಯ ಜೊತೆ ಚಲಿಸುತ್ತದೆ. ಕೆಳಗಿನ ಬಿಲ್ಲೆಯಲ್ಲಿ ಬಿಸಿನೀರಿಗೊಂದು, ತಣ್ಣೀರಿಗೊಂದು, ಬೆರೆತ ನೀರು ಹೊರಹೋಗಲು ಒಂದು ಎಂದು ಮೂರು ಕಿಂಡಿಗಳಿವೆ. ಹಿಡಿಯನ್ನು ಮೇಲೆತ್ತಿದಾಗ ಕಿಂಡಿಗಳು ತೆರೆದುಕೊಳ್ಳುತ್ತವೆ, ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಬಿಸಿ ಮತ್ತು ತಣ್ಣೀರಿನ ಪಾಲು ಬದಲಾಗುತ್ತದೆ. ಬಿಲ್ಲೆಗಳ ಮುಖಗಳನ್ನು ಎಷ್ಟು ನುಣುಪಾಗಿ ಉಜ್ಜಿರುತ್ತಾರೆಂದರೆ, ನಡುವೆ ರಬ್ಬರ್ ಇಲ್ಲದೆಯೇ ನೀರು ನಿಲ್ಲುತ್ತದೆ. ರಬ್ಬರಿನ ಸೀಲುಗಳಿರುವುದು ಕಾರ್ಟ್ರಿಜ್‌ನ ತಳದಲ್ಲಿ, ಅದು ನಲ್ಲಿಯ ಮೈಗೆ ತಾಗುವ ಜಾಗದಲ್ಲಿ.

ಒಂದೇ ಹಿಡಿಯ ನಲ್ಲಿಯ ಕಲ್ಪನೆ 1937ರಲ್ಲಿ ಅಮೆರಿಕದ ಆಲ್ ಮೋಯನ್ ಎಂಬ ವಿದ್ಯಾರ್ಥಿಗೆ, ಎರಡು ಹಿಡಿಯ ನಲ್ಲಿಯಲ್ಲಿ ಕೈ ತೊಳೆಯುವಾಗ ಬಿಸಿನೀರು ತಾಗಿದ ಮೇಲೆ ಹೊಳೆದದ್ದು. 1947ರಲ್ಲಿ ಅಂಥ ನಲ್ಲಿ ಮಾರಾಟಕ್ಕೆ ಬಂತು. ಬಿಲ್ಲೆಗಳ ಬದಲು ಲೋಹದ ಗುಂಡು ಇರುವ ಬಗೆಯೂ ಉಂಟು. ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಮಿಕ್ಸರ್‌ಗಳು ಸಾಮಾನ್ಯವಾಗಿ ಸೆರಾಮಿಕ್ ಬಿಲ್ಲೆಯವೇ ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅವನ್ನು ಕುರಿತೇ ಇದೆ.

ಸೆರಾಮಿಕ್ ಬಹಳ ಗಟ್ಟಿ. ಬರಿಯ ಬಳಕೆಯಿಂದ ಅದು ಬೇಗ ಸವೆಯುವುದಿಲ್ಲ. ಅದಕ್ಕೆ ಶತ್ರುಗಳು ಎರಡು: ಮರಳು ಮತ್ತು ಸುಣ್ಣ. ದಾವಣಗೆರೆಗೆ ಭದ್ರಾ ನಾಲೆಯ ನೀರು ಕುಂದವಾಡ ಕೆರೆಯಂಥ ಸಂಗ್ರಹಗಳ ಮೂಲಕವೂ, ಚಿತ್ರದುರ್ಗಕ್ಕೆ ಸೂಳೆಕೆರೆ ಹಾಗೂ ವಾಣಿವಿಲಾಸ ಸಾಗರದ ನೀರೂ ಬರುತ್ತದಾದರೂ, ಸಾಲದಿದ್ದಾಗ ಕೊಳವೆಬಾವಿಯ ನೀರನ್ನು ಅದೇ ಸಂಪಿಗೆ ಬಿಟ್ಟುಕೊಳ್ಳುವ ಮನೆಗಳು ಹೇರಳವಾಗಿವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ, ಸೋಪು ನೊರೆ ಬಾರದ ನೀರು ನಿಮ್ಮದಾಗಿದ್ದರೆ ಅದೇ ಪೊರೆ ನಲ್ಲಿಯ ಒಳಗೂ ಕಟ್ಟುತ್ತಿದೆ ಎಂದೇ ತಿಳಿಯಬೇಕು. ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಬೇರ್ಪಡುವುದರಿಂದ ಬಿಸಿನೀರಿನ ದಾರಿಯೇ ಮೊದಲು ಕಟ್ಟುವುದು. ಸೋಲಾರ್ ಹೀಟರ್ ಇರುವ ಮನೆಗಳಲ್ಲಿ ಬೇಸಿಗೆಯ ನೀರು ಗೀಸರಿನದಕ್ಕಿಂತಲೂ ಹೆಚ್ಚು ಕಾಯುವುದುಂಟು, ಅಲ್ಲಿ ಈ ತೊಂದರೆ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ.

ನೀರು ಎಲ್ಲಿಂದ ಬರುತ್ತಿದೆ?

ನಲ್ಲಿಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ, ಹಿಡಿಯನ್ನು ಮುಚ್ಚಿ, ಸ್ವಲ್ಪ ಹೊತ್ತು ನೋಡುತ್ತ ನಿಲ್ಲಿ. ಮೂತಿಯಿಂದ ಹನಿ ಬೀಳುತ್ತಲೇ ಇದ್ದರೆ ಬಿಲ್ಲೆಗಳಿಗೆ ಗೀರು ಬಿದ್ದಿದೆ, ಇಲ್ಲವೇ ಕಾರ್ಟ್ರಿಜ್‌ನ ತಳದ ಸೀಲು ಸೋತಿದೆ. ಎತ್ತರವಾಗಿ ಬಾಗಿದ ಮೂತಿಯ ನಲ್ಲಿಯಲ್ಲಿ ಮುಚ್ಚಿದ ಮೇಲೂ ಕೆಲವು ಹನಿ ಬಿದ್ದು ನಿಲ್ಲುವುದು ಮೂತಿಯೊಳಗೆ ಉಳಿದ ನೀರಷ್ಟೇ, ಅದು ದೋಷವಲ್ಲ. ಹಿಡಿಯ ಬುಡದಿಂದ ನೀರು ಒಸರುತ್ತಿದ್ದರೆ ಕಾರ್ಟ್ರಿಜ್ ಅನ್ನು ಒತ್ತಿ ಹಿಡಿದಿರುವ ನಟ್ ಸಡಿಲವಾಗಿರಬಹುದು, ಅಥವಾ ಕಾರ್ಟ್ರಿಜ್ ಬಿರುಕು ಬಿಟ್ಟಿರಬಹುದು. ಅಡುಗೆಮನೆಯ ನಲ್ಲಿಯ ಮೂತಿ ಅತ್ತಿತ್ತ ತಿರುಗುವಂಥದ್ದಾಗಿದ್ದು, ನೀರು ಆ ತಿರುಗುವ ಕೀಲಿನಿಂದ ಬರುತ್ತಿದ್ದರೆ ಕಾರ್ಟ್ರಿಜ್‌ಗೆ ಸಂಬಂಧವಿಲ್ಲ, ಮೂತಿಯ ಬುಡದ ಓ-ರಿಂಗ್‌ಗಳನ್ನಷ್ಟೇ ಬದಲಿಸಿದರೆ ಸಾಕು. ಸಿಂಕಿನ ಕೆಳಗೆ ಒದ್ದೆಯಾಗಿದ್ದರೆ ಕನೆಕ್ಷನ್ ಪೈಪುಗಳ ಎರಡೂ ತುದಿಗೆ ಕಾಗದದ ತುಂಡು ತಾಗಿಸಿ ನೋಡಿ, ಯಾವ ಕೀಲಿನಲ್ಲಿ ಕಾಗದ ನೆನೆಯುತ್ತದೋ ಅದೇ ಸೋರುವ ಜಾಗ.

ಸೋರಿಕೆಯಿಲ್ಲದೆ ನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ಏನನ್ನೂ ಬಿಚ್ಚುವ ಮೊದಲು ಮೂತಿಯ ತುದಿಯ ಏರೇಟರ್ ಜಾಲರಿಯನ್ನು ತಿರುಗಿಸಿ ತೆಗೆಯಿರಿ. ಅದಿಲ್ಲದೆ ನೀರು ಜೋರಾಗಿ ಬಂದರೆ ಕೆಲಸ ಮುಗಿದಂತೆಯೇ: ಜಾಲರಿಯನ್ನು ವಿನೆಗರ್‌ನಲ್ಲಿ ಅಥವಾ ನಿಂಬೆರಸದಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಹಾಕಿ. ಬಿಸಿನೀರೊಂದೇ ಸಣ್ಣಗೆ ಬರುತ್ತಿದ್ದರೆ ಜಾಲರಿಯ ತಪ್ಪಲ್ಲ. ಬಿಸಿ ಬದಿಯ ಆಂಗಲ್ ಕಾಕ್ (ಸಿಂಕಿನ ಕೆಳಗೆ ಗೋಡೆಯಲ್ಲಿ ನೀರು ಮುಚ್ಚಲು ಇರುವ ಸಣ್ಣ ವಾಲ್ವ್), ಕನೆಕ್ಷನ್ ಪೈಪು ಅಥವಾ ಕಾರ್ಟ್ರಿಜ್‌ನ ಬಿಸಿ ಕಿಂಡಿಯಲ್ಲಿ ಸುಣ್ಣ ಕಟ್ಟಿದೆ.

ಇನ್ನೊಂದು ದೋಷ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಹುಡುಕಿಯೇ ತಿಳಿಯಬೇಕು. ಬಿಲ್ಲೆ ಅಥವಾ ತಳದ ಸೀಲು ಕೆಟ್ಟಾಗ ಬಿಸಿನೀರು ಮತ್ತು ತಣ್ಣೀರು ಕಾರ್ಟ್ರಿಜ್‌ನೊಳಗೇ ಒಂದರ ಪೈಪಿಗೆ ಇನ್ನೊಂದು ನುಗ್ಗುತ್ತದೆ. ತಣ್ಣೀರಿನ ಬೇರೆ ನಲ್ಲಿಯಲ್ಲಿ ಬೆಚ್ಚನೆಯ ನೀರು ಬರುವುದು, ಗೀಸರಿನ ನೀರು ಕಾರಣವಿಲ್ಲದೆ ಬೇಗ ಆರುವುದು ಇದರ ಗುರುತುಗಳು. ತಣ್ಣೀರಿನ ಆಂಗಲ್ ಕಾಕ್ ಮುಚ್ಚಿ, ಹಿಡಿಯನ್ನು ಪೂರ್ತಿ ತಣ್ಣೀರಿನ ಬದಿಗೆ ತಿರುಗಿಸಿ ಎತ್ತಿ. ಪೈಪಿನಲ್ಲಿ ಉಳಿದದ್ದು ಹರಿದ ಮೇಲೂ ಬಿಸಿನೀರು ಬರುತ್ತಲೇ ಇದ್ದರೆ ಕಾರ್ಟ್ರಿಜ್ ದಾಟಿಸುತ್ತಿದೆ ಎಂದು ನಿಶ್ಚಯಿಸಬಹುದು. ಪ್ರೆಷರ್ ಪಂಪನ್ನು ತಣ್ಣೀರಿನ ಲೈನಿಗೆ ಮಾತ್ರ ಜೋಡಿಸಿ, ಬಿಸಿನೀರನ್ನು ಸೋಲಾರ್ ಟ್ಯಾಂಕಿನಿಂದ ಹಾಗೆಯೇ ಇಳಿಸಿರುವ ಮನೆಗಳಲ್ಲಿ ಒತ್ತಡದ ಈ ವ್ಯತ್ಯಾಸವೇ ಇಂಥ ನುಗ್ಗುವಿಕೆಯನ್ನು ಹೆಚ್ಚಿಸುತ್ತದೆ. ಅಲ್ಲಿ ಕಾರ್ಟ್ರಿಜ್ ಬದಲಿಸುವುದರ ಜೊತೆಗೆ ಬಿಸಿನೀರಿನ ಲೈನಿಗೊಂದು ನಾನ್-ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿಸುವುದು ಅಗತ್ಯ.

ಬಿಚ್ಚುವ ಮೊದಲು

ಗೀಸರಿನ ಸ್ವಿಚ್ ಆರಿಸಿ. ಸಿಂಕಿನ ಕೆಳಗಿನ ಎರಡೂ ಆಂಗಲ್ ಕಾಕ್‌ಗಳನ್ನು ಮುಚ್ಚಿ. ವರ್ಷಗಟ್ಟಲೆ ಮುಟ್ಟದ ಆಂಗಲ್ ಕಾಕ್ ಸುಣ್ಣ ಹಿಡಿದು ಬಿಗಿದುಕೊಂಡಿರುತ್ತದೆ. ಅದನ್ನು ಪಾನಾದಿಂದ ತಿರುಚಿದರೆ ಒಳಗಿನ ಸ್ಪಿಂಡಲ್ ಮುರಿಯುವ, ಇಲ್ಲವೇ ಗೋಡೆಯೊಳಗಿನ ಎಲ್ಬೋ (ಪೈಪಿನ ತಿರುವಿನ ಜೋಡಣೆ) ಸಡಿಲಾಗುವ ಅಪಾಯವಿದೆ. ಕೈಯಿಂದ ತಿರುಗದಿದ್ದರೆ ಬಿಟ್ಟುಬಿಡಿ, ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿನ ವಾಲ್ವನ್ನೇ ಮುಚ್ಚಿ. ಗೋಡೆಗೆ ಕೂರಿಸಿದ ನಲ್ಲಿಗಂತೂ ಬೇರೆ ದಾರಿಯಿಲ್ಲ. ಸೋಲಾರ್ ಇದ್ದರೆ ಅದರ ಬಿಸಿನೀರಿನ ವಾಲ್ವನ್ನೂ ಮರೆಯದೆ ಮುಚ್ಚಬೇಕು, ಏಕೆಂದರೆ ಅಲ್ಲಿಂದ ಇಳಿಯುವ ನೀರು ಕೈ ಸುಡುವಷ್ಟು ಕಾದಿರಬಹುದು. ಆಮೇಲೆ ಹಿಡಿಯನ್ನು ನಡುವೆ ಇಟ್ಟು ಎತ್ತಿ, ಎರಡೂ ಬದಿಯ ನೀರು ಪೂರ್ತಿ ನಿಂತಿದೆಯೇ ನೋಡಿ.

ಸಿಂಕಿನ ಬಾಯಿಗೆ ಬಟ್ಟೆ ತುರುಕಿ. ಈ ನಲ್ಲಿಯ ಸ್ಕ್ರೂ ಅಕ್ಕಿಕಾಳಿನಷ್ಟಿರುತ್ತದೆ, ಒಮ್ಮೆ ಬಿದ್ದರೆ ಸಿಗುವುದು ಕಷ್ಟ. ಬೇಕಾದ ಸಲಕರಣೆಗಳೆಂದರೆ ಆರು ಮೂಲೆಯ ಅಲನ್ ಕೀಗಳ ಒಂದು ಸೆಟ್, ಸಣ್ಣ ಸ್ಕ್ರೂಡ್ರೈವರ್, ಬಾಯಿ ಅಗಲ ಹೊಂದಿಸಬಹುದಾದ ಒಂದು ದೊಡ್ಡ ಪಾನಾ, ಕ್ರೋಮ್ ಗೀಚದಂತೆ ಸುತ್ತಲು ಬಟ್ಟೆ. ನಲ್ಲಿಗೆ ಇನ್ನೂ ವಾರಂಟಿ ಇದೆಯೇ ಎಂದು ಬಿಲ್ ತೆಗೆದು ನೋಡುವುದೂ ಈಗಲೇ ಆಗಬೇಕು, ಬಿಚ್ಚಿದ ಮೇಲಲ್ಲ.

ಕಾರ್ಟ್ರಿಜ್ ಬದಲಾಯಿಸುವುದು

ಹಿಡಿಯ ಮುಂದೆ ಅಥವಾ ಹಿಂದೆ ಕೆಂಪು-ನೀಲಿ ಗುರುತಿನ ಪ್ಲಾಸ್ಟಿಕ್ ಬಿರಡೆಯಿರುತ್ತದೆ. ಅದನ್ನು ಸ್ಕ್ರೂಡ್ರೈವರ್‌ನ ತುದಿಯಿಂದ ಮೆಲ್ಲಗೆ ಎಬ್ಬಿಸಿದರೆ ಒಳಗೆ ಅಲನ್ ಕೀಯ ಸ್ಕ್ರೂ ಕಾಣುತ್ತದೆ. ಹೆಚ್ಚಾಗಿ 2.5 ಅಥವಾ 3 ಮಿ.ಮೀ. ಕೀ ಹೊಂದುತ್ತದೆ. ಪೂರ್ತಿ ಒಳಹೊಕ್ಕು ಬಿಗಿಯಾಗಿ ಕೂರುವ ಕೀಯನ್ನೇ ಬಳಸಿ, ಸವೆದ ಕೀ ಸ್ಕ್ರೂವಿನ ಮೂಲೆಗಳನ್ನು ತಿಂದುಹಾಕುತ್ತದೆ. ಸ್ಕ್ರೂ ಜಗ್ಗದಿದ್ದರೆ ತುಕ್ಕು ಬಿಡಿಸುವ ಎಣ್ಣೆಯ ಒಂದೆರಡು ಹನಿ ಬಿಟ್ಟು ಕಾಯಬೇಕು. ಸ್ಕ್ರೂವನ್ನು ಪೂರ್ತಿ ಕೀಳಬೇಕಾಗಿಲ್ಲ. ಸಡಿಲಾದರೆ ಹಿಡಿ ಮೇಲಕ್ಕೆ ಬರುತ್ತದೆ. ಅದರ ಕೆಳಗಿನ ಗುಮ್ಮಟದಂಥ ಮುಚ್ಚಳವನ್ನು ಕೈಯಿಂದಲೇ ತಿರುಗಿಸಿ ತೆಗೆಯಬಹುದು.

ಈಗ ಕಾಣುವ ದೊಡ್ಡ ಹಿತ್ತಾಳೆಯ ನಟ್ ಕಾರ್ಟ್ರಿಜ್ ಅನ್ನು ಹಿಡಿದಿದೆ. ಹಿಡಿಯ ಬುಡದಿಂದ ಸೋರುತ್ತಿದ್ದ ನಲ್ಲಿಯಾದರೆ ಮೊದಲು ಈ ನಟ್ಟನ್ನು ಸ್ವಲ್ಪ ಬಿಗಿದು, ನೀರು ಬಿಟ್ಟು ನೋಡಿ. ಅಷ್ಟಕ್ಕೇ ಸೋರಿಕೆ ನಿಲ್ಲುವುದುಂಟು. ನಿಲ್ಲದಿದ್ದರೆ, ಮತ್ತೆ ನೀರು ಮುಚ್ಚಿ, ನಲ್ಲಿಯ ಮೈಯನ್ನು ಒಂದು ಕೈಯಿಂದ ಗಟ್ಟಿಯಾಗಿ ಹಿಡಿದು, ಪಾನಾವನ್ನು ಎಡಕ್ಕೆ ತಿರುಗಿಸಿ ನಟ್ ಬಿಚ್ಚಿ. ಕಾರ್ಟ್ರಿಜ್ ಹೊರತೆಗೆಯುವ ಮುನ್ನ ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಳ್ಳಿ, ಯಾವ ಬದಿ ಮುಂದಿತ್ತು ಎಂಬುದು ಜೋಡಿಸುವಾಗ ಬೇಕಾಗುತ್ತದೆ. ಕಾರ್ಟ್ರಿಜ್ ಸುಣ್ಣದಿಂದ ಅಂಟಿಕೊಂಡಿದ್ದರೆ ಸುತ್ತಲೂ ವಿನೆಗರ್ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಅದರ ಕಡ್ಡಿಯನ್ನು ಹಿಡಿದು ಅಲುಗಿಸುತ್ತ ಮೇಲಕ್ಕೆಳೆಯಿರಿ. ಸ್ಕ್ರೂಡ್ರೈವರ್ ಸಂದಿಗೆ ತೂರಿಸಿ ಎಬ್ಬಿಸಿದರೆ ಕಾರ್ಟ್ರಿಜ್ ಕೂರುವ ಹಿತ್ತಾಳೆಯ ನುಣುಪಾದ ಪೀಠಕ್ಕೆ ಗೀರು ಬೀಳುತ್ತದೆ, ಆಮೇಲೆ ಹೊಸ ಕಾರ್ಟ್ರಿಜ್ ಹಾಕಿದರೂ ನೀರು ನಿಲ್ಲುವುದಿಲ್ಲ.

ಹಳೆಯ ಕಾರ್ಟ್ರಿಜ್ ಅನ್ನು ಕೈಯಲ್ಲಿ ಹಿಡಿದುಕೊಂಡೇ ಹಾರ್ಡ್‌ವೇರ್ ಅಂಗಡಿಗೆ ಹೋಗುವುದು ಉತ್ತಮ. 35 ಮತ್ತು 40 ಮಿ.ಮೀ. ಅಗಲದವು ಹೆಚ್ಚು ಬಳಕೆಯಲ್ಲಿವೆ, ಸಣ್ಣ ನಲ್ಲಿಗಳಿಗೆ 25 ಮಿ.ಮೀ.ನದೂ ಇದೆ. ಅಗಲವೊಂದೇ ಹೊಂದಿದರೆ ಸಾಲದು. ಎತ್ತರ, ಮೇಲಿನ ಕಡ್ಡಿಯ ಆಕಾರ, ತಳ ಚಪ್ಪಟೆಯೋ ಕಾಲಿನ ಮೇಲೆ ನಿಂತದ್ದೋ, ತಳದ ಎರಡು ಗೂಟಗಳ ಜಾಗ, ಇವೆಲ್ಲ ಹಳೆಯದಕ್ಕೆ ಸರಿಯಾಗಬೇಕು. ಜಾಕ್ವಾರ್, ಹಿಂಡ್‌ವೇರ್, ಸೆರಾ, ಪ್ಯಾರಿವೇರ್‌ನಂಥ ಹೆಸರಿನ ನಲ್ಲಿಯಾದರೆ ಅದೇ ಕಂಪನಿಯ ಬಿಡಿಭಾಗ ಕೇಳಿ. ಇಡೀ ನಲ್ಲಿಯ ಬೆಲೆಯ ಮುಂದೆ ಕಾರ್ಟ್ರಿಜ್‌ನ ಬೆಲೆ ಸಣ್ಣದು. ಅದರಲ್ಲಿ ಉಳಿಸಲು ಹೋಗಬೇಡಿ.

ಹೊಸದನ್ನು ಕೂರಿಸುವ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಪ್ಲಂಬರ್‌ಗಳೂ ಎಷ್ಟೋ ಸಲ ಬಿಟ್ಟುಬಿಡುತ್ತಾರೆ, ಹಾಗಾಗಿ ಹೊಸ ಕಾರ್ಟ್ರಿಜ್ ಕೂಡ ಕೆಲವೇ ದಿನಗಳಲ್ಲಿ ತೊಟ್ಟಿಕ್ಕಲು ತೊಡಗುತ್ತದೆ. ನಲ್ಲಿಯ ಬಾಯಿ ತೆರೆದಿರುವಾಗಲೇ ಅದರ ಮೇಲೆ ಒಂದು ಚೊಂಬನ್ನು ಬೋರಲು ಹಿಡಿದು, ತಣ್ಣೀರಿನ ಕಾಕ್ ಅನ್ನು ತುಸುವೇ ತೆರೆದು ಮುಚ್ಚಬೇಕು, ಆಮೇಲೆ ನೀರು ಬಿಸಿಯಿಲ್ಲವೆಂದು ಖಚಿತವಾಗಿದ್ದರೆ ಬಿಸಿ ಬದಿಯದನ್ನೂ ಹಾಗೆಯೇ ಮಾಡಬೇಕು. ಪೈಪಿನಲ್ಲಿ ಕೂತಿದ್ದ ಮರಳು, ತುಕ್ಕು, ಸುಣ್ಣದ ಚಕ್ಕೆಗಳು ಇದರಿಂದ ಹೊರಬೀಳುತ್ತವೆ. ನಂತರ ಪೀಠವನ್ನು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಸಾದಾ ನೀರಿನಿಂದ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಅನ್ನು ಎಂದೂ ಬಳಸಕೂಡದು. ಅದು ಸುಣ್ಣದ ಜೊತೆ ಕ್ರೋಮನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ತಳದ ಸೀಲುಗಳಿಗೆ ಸವರುವುದಾದರೆ ಸಿಲಿಕೋನ್ ಗ್ರೀಸ್ ಮಾತ್ರ. ಕೊಬ್ಬರಿ ಎಣ್ಣೆ, ವ್ಯಾಸಲಿನ್, ಗಾಡಿಯ ಗ್ರೀಸ್ ಇವು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ.

ಕಾರ್ಟ್ರಿಜ್‌ನ ಗೂಟಗಳು ಪೀಠದ ತೂತುಗಳಿಗೆ ಸರಿಯಾಗಿ ಇಳಿದ ಮೇಲೆ ನಟ್ಟನ್ನು ಕೈಯಿಂದ ಪೂರ್ತಿ ತಿರುಗಿಸಿ, ಕೊನೆಯಲ್ಲಿ ಪಾನಾದಿಂದ ಸ್ವಲ್ಪ ಬಿಗಿಯಿರಿ. ಎಷ್ಟು ಬಿಗಿ ಸಾಕೆಂಬುದನ್ನು ಹಿಡಿಯೇ ಹೇಳುತ್ತದೆ: ಹೆಚ್ಚು ಬಿಗಿದರೆ ಬಿಲ್ಲೆಗಳು ಒತ್ತಿಕೊಂಡು ಅದು ಗಡುಸಾಗುತ್ತದೆ, ಕಡಿಮೆಯಾದರೆ ಬುಡದಿಂದ ನೀರು ಒಸರುತ್ತದೆ. ಏರೇಟರ್ ತೆಗೆದಿಟ್ಟು, ಹಿಡಿಯನ್ನು ನಡುವೆ ತೆರೆದಿಟ್ಟು, ಕಾಕ್‌ಗಳನ್ನು ನಿಧಾನವಾಗಿ ತೆರೆಯಿರಿ. ಗಾಳಿ ಹೊರಟು ನೀರು ಒಂದೇ ಸಮನೆ ಹರಿಯತೊಡಗಿದ ಮೇಲೆ ಏರೇಟರ್ ಹಾಕಿ.

ಹೊಸ ನಲ್ಲಿ ಕೊಳ್ಳುವುದಾದರೆ

ನಲ್ಲಿಯ ಮೈಯೇ ಬಿರುಕು ಬಿಟ್ಟಿದ್ದರೆ, ಪೀಠಕ್ಕೆ ಆಳವಾದ ಗೀರು ಬಿದ್ದಿದ್ದರೆ, ಮರೆ (ತಿರುಪಿನ ಗೆರೆಗಳು) ಸವೆದು ನಟ್ ನಿಲ್ಲದಿದ್ದರೆ ಅಥವಾ ಕಾರ್ಟ್ರಿಜ್ ಎಲ್ಲಿಯೂ ಸಿಗದಿದ್ದರೆ ಬದಲಾಯಿಸುವುದೊಂದೇ ದಾರಿ. ಆಗ ಅಂಗಡಿಯಲ್ಲಿ ಹೊಳಪು ನೋಡುವುದಕ್ಕಿಂತ ಮೊದಲು ನಿಮ್ಮ ಟ್ಯಾಂಕಿನ ಎತ್ತರವನ್ನು ಲೆಕ್ಕ ಹಾಕಿ. ನಲ್ಲಿಯಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಪ್ರತಿ 1 ಮೀಟರ್ ಎತ್ತರಕ್ಕೆ 0.1 ಬಾರ್ ಒತ್ತಡ ಸಿಗುತ್ತದೆ. ಒಂದೇ ಅಂತಸ್ತಿನ ಮನೆಯ ತಾರಸಿಯ ಮೇಲೆ ಟ್ಯಾಂಕಿದ್ದರೆ ಅಡುಗೆಮನೆಯ ನಲ್ಲಿಗೆ ಬರುವುದು ಸುಮಾರು 0.3 ಬಾರ್ ಮಾತ್ರ. ಹಲವು ಮಿಕ್ಸರ್‌ಗಳ ಕೈಪಿಡಿಗಳು ಕನಿಷ್ಠ 0.5 ಬಾರ್ ಕೇಳುತ್ತವೆ. ಇಂಥ ಮನೆಗೆ 40 ಮಿ.ಮೀ. ಕಾರ್ಟ್ರಿಜ್‌ನ, ಅಗಲವಾದ ಒಳದಾರಿಯ, ಕಡಿಮೆ ಒತ್ತಡಕ್ಕೆ ಹೊಂದುತ್ತದೆಂದು ಕಂಪನಿಯೇ ಹೇಳುವ ನಲ್ಲಿ ಬೇಕು. ಬಿಸಿನೀರಿನ ಲೈನೇ ಇಲ್ಲದ ಸಿಂಕಿಗೆ ಮಿಕ್ಸರ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ತಣ್ಣೀರಿಗೆ ಮಾತ್ರ ಇರುವ ಕಾಲು ಸುತ್ತಿನ ಸಿಂಕ್ ಕಾಕ್ ಸಾಕು, ನೀರೂ ಜೋರಾಗಿ ಬರುತ್ತದೆ. ಯಾವುದನ್ನೇ ಕೊಳ್ಳಿ, ಅದರ ಕಾರ್ಟ್ರಿಜ್ ಬಿಡಿಯಾಗಿ ಇದೇ ಊರಿನಲ್ಲಿ ಸಿಗುತ್ತದೆಯೇ ಎಂದು ಕೇಳಿ, ಸಾಧ್ಯವಾದರೆ ಒಂದನ್ನು ಅಂದೇ ಕೊಂಡಿಡಿ.

ಕೂರಿಸುವುದು

ಸಿಂಕಿನ ಮೇಲೆ ನಿಲ್ಲುವ ನಲ್ಲಿಯ ತೂತು ಸುಮಾರು 35 ಮಿ.ಮೀ. ಇರುತ್ತದೆ. ಕೆಳಗಿನಿಂದ ಲಾಳದ ಆಕಾರದ ಪಟ್ಟಿ ಮತ್ತು ನಟ್ ಬಿಚ್ಚಿ ಹಳೆಯದನ್ನು ಎತ್ತಿ ತೆಗೆದು, ಆ ಜಾಗದ ಸುಣ್ಣದ ಕಲೆಯನ್ನು ಶುಚಿಮಾಡಿ. ಕನೆಕ್ಷನ್ ಪೈಪುಗಳನ್ನು ನಲ್ಲಿಗೆ ಮೇಲೆಯೇ, ಸಿಂಕಿಗೆ ಇಳಿಸುವ ಮೊದಲೇ, ಕೈಯಿಂದ ತಿರುಗಿಸಿ ಹಾಕಬೇಕು. ಹಳೆಯ ಪೈಪುಗಳನ್ನು ಮತ್ತೆ ಬಳಸಬೇಡಿ. ಈ ಪೈಪುಗಳ ಒಂದು ತುದಿಯಲ್ಲಿ ಓ-ರಿಂಗ್, ಇನ್ನೊಂದು ತುದಿಯಲ್ಲಿ ರಬ್ಬರ್ ವಾಷರ್ ಇರುವುದರಿಂದ ಅಲ್ಲಿ ಟೆಫ್ಲಾನ್ ಟೇಪ್ ಸುತ್ತಬಾರದು, ಸುತ್ತಿದರೆ ರಬ್ಬರ್ ಸರಿಯಾಗಿ ಕೂರದೆ ಸೋರುತ್ತದೆ. ಟೇಪ್ ಬೇಕಾಗುವುದು ಗೋಡೆಯೊಳಗೆ ಹೋಗುವ ಆಂಗಲ್ ಕಾಕ್‌ನ ಮರೆಗೆ. ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು. ಪೈಪು ಮಡಚಿಕೊಳ್ಳದಷ್ಟು, ಎಳೆದುಕೊಳ್ಳದಷ್ಟು ಉದ್ದವಿರಲಿ.

ಗೋಡೆಯ ಮಿಕ್ಸರ್ ಆದರೆ ಎರಡು ಪೈಪುಗಳ ನಡುವಿನ ಅಂತರ ಸಾಮಾನ್ಯವಾಗಿ 150 ಮಿ.ಮೀ. ಇರುತ್ತದೆ, ಸಣ್ಣ ವ್ಯತ್ಯಾಸವನ್ನು ಮಿಕ್ಸರನ್ನು ಗೋಡೆಯ ಪೈಪಿಗೆ ಸೇರಿಸುವ ಸೊಟ್ಟ ಕಾಲುಗಳನ್ನು ತಿರುಗಿಸಿ ಸರಿಮಾಡಿಕೊಳ್ಳಬಹುದು. ಕಾಲುಗಳ ಮರೆಗೆ, ತುದಿಯನ್ನು ನಿಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲೇ ಟೇಪ್ ಸುತ್ತಿ. ಎದುರು ದಿಕ್ಕಿನಲ್ಲಿ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಗೋಡೆಯೊಳಗೆ ಸಿಪಿವಿಸಿ (ಪ್ಲಾಸ್ಟಿಕ್ಕಿನ ಒಂದು ಬಗೆ) ಪೈಪಿದ್ದರೆ ಬಲ ಹಾಕುವಾಗ ಎಚ್ಚರವಿರಲಿ, ಒಳಗಿನ ಎಲ್ಬೋ ತಿರುಚಿಕೊಂಡರೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ನಲ್ಲಿಯ ಮೈ ಗೋಡೆಯೊಳಗೇ ಹುದುಗಿರುವ ಕನ್ಸೀಲ್ಡ್ ಬಗೆಯದಾದರೆ ಕಾರ್ಟ್ರಿಜ್ ಬದಲಿಸುವವರೆಗೆ ಮಾತ್ರ ನಿಮ್ಮ ಕೆಲಸ. ಮೈಯನ್ನು ಬದಲಿಸುವುದು ಅನುಭವವಿರುವ ಪ್ಲಂಬರ್‌ಗೆ ಬಿಟ್ಟದ್ದು.

ನೀರು ಬಿಟ್ಟ ಮೇಲೆ ಪ್ರತಿ ಕೀಲನ್ನೂ ಒಣಕಾಗದದಿಂದ ಒತ್ತಿ ನೋಡಿ, ಮಾರನೆಯ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಮನೆಯವರೆಲ್ಲರಿಗೂ ಎರಡು ವಿಷಯ ತಿಳಿಸಿ: ಹಿಡಿಯನ್ನು ಬಡಿದು ಮುಚ್ಚಬಾರದು, ಬರಿಯ ತಣ್ಣೀರು ಬೇಕಿದ್ದಾಗ ಹಿಡಿಯನ್ನು ಪೂರ್ತಿ ಬಲಕ್ಕೇ ಇಡಬೇಕು, ನಡುವೆ ಇಟ್ಟರೆ ಪ್ರತಿ ಸಲವೂ ಗೀಸರಿನ ನೀರು ಎಳೆದುಕೊಳ್ಳುತ್ತದೆ. ನಗರದ ನೀರು ಬಿಡುವಿನ ನಂತರ ಬಂದಾಗ ಮೊದಲ ಕೆಂಪುನೀರನ್ನು ಸಂಪಿಗೆ ಬಿಡದೆ ಗಿಡಗಳಿಗೆ ಹಾಯಿಸಿ. ಏರೇಟರ್ ಅನ್ನು ಎರಡು-ಮೂರು ತಿಂಗಳಿಗೊಮ್ಮೆ ತೊಳೆಯಿರಿ, ವರ್ಷಕ್ಕೆ ಎರಡು ಸಲವಾದರೂ ಆಂಗಲ್ ಕಾಕ್‌ಗಳನ್ನು ಪೂರ್ತಿ ಮುಚ್ಚಿ ತೆರೆಯಿರಿ, ಕಾರ್ಟ್ರಿಜ್‌ನ ಅಳತೆಯನ್ನು ನಲ್ಲಿಯ ಬಿಲ್ಲಿನ ಹಿಂದೆಯೇ ಬರೆದಿಡಿ.